ವೆಲ್ಲಿಂಗ್ಟನ್‌ನಲ್ಲಿ ಮೂರು ತಿಂಗಳು ಕುದುರೆಯೇ ಗಿರಾಕಿ

ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ವೆಲ್ಲಿಂಗ್ಟನ್‌ಗೆ ಜನವರಿ ಬಂತೆಂದರೆ ಸಾವಿರಾರು ಕುದುರೆಗಳು ಬಂದಿಳಿಯುತ್ತವೆ. ವಿಂಟರ್ ಇಕ್ವೆಸ್ಟ್ರಿಯನ್ ಫೆಸ್ಟಿವಲ್ ಎಂಬ ಕುದುರೆ ಸವಾರಿ ಸ್ಪರ್ಧೆ ಮಾರ್ಚ್ ಕೊನೆಯ ತನಕ, ಸುಮಾರು 12–13 ವಾರ ನಡೆಯುತ್ತದೆ. ಶನಿವಾರ ರಾತ್ರಿ ದೀಪದ ಬೆಳಕಲ್ಲಿ ಕುದುರೆ ಜಿಗಿಯುವುದನ್ನು ನೋಡಲು ಊರವರು ಮಕ್ಕಳು ಮರಿ ಕರಕೊಂಡು ಹೋಗುತ್ತಾರೆ; ಸಾಮಾನ್ಯ ಪ್ರವೇಶಕ್ಕೆ ಟಿಕೆಟ್ಟಿಲ್ಲ, ಪಾರ್ಕಿಂಗ್ ದುಡ್ಡು ಕೊಟ್ಟರಾಯಿತು. ಊರು ಬದುಕಿರುವುದು ಲಾಯದಲ್ಲಿ ಕಟ್ಟಿದ ಪ್ರಾಣಿಯಿಂದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖರ್ಚು ವಿಮಾನದಲ್ಲೇ ಶುರು. ಒಂದು ಕಂಟೇನರಿನಲ್ಲಿ ಮೂರು ಕುದುರೆ ನಿಲ್ಲಿಸಬಹುದು; ಹೆಚ್ಚು ದುಡ್ಡು ಕೊಟ್ಟರೆ ಎರಡೇ. ಯುರೋಪಿನಿಂದ ಬಂದವಕ್ಕೆ ಎರಡು ಮೂರು ದಿನ ಕ್ವಾರಂಟೈನ್, ರಕ್ತಪರೀಕ್ಷೆ. ಬೀಜ ಒಡೆದ ಗಂಡಾದರೆ ಅಲ್ಲಿಗೆ ಮುಗಿಯಿತು. ಹೆಣ್ಣು ಕುದುರೆಯಾದರೆ ಜನನಾಂಗದ ಸೋಂಕಿನ ತಪಾಸಣೆಗೆಂದು ಇನ್ನೆರಡು ವಾರ, ಬೀಜದ ಕುದುರೆಗೆ ಒಂದು ತಿಂಗಳಿಗೂ ಮೇಲೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಡಿಸೆಂಬರ್ ಕೊನೆಗೆ ಹೊರಡಿಸಿದವರಿಗೆ ಮೊದಲ ವಾರಗಳ ಸ್ಪರ್ಧೆ ಕೈತಪ್ಪುತ್ತದೆ, ಲಾಯದ ಬಾಡಿಗೆ ಮಾತ್ರ ತಪ್ಪುವುದಿಲ್ಲ.

500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8–10 ಕಿಲೋ ಒಣಹುಲ್ಲು ಬೇಕು. ತಿಮೋಥಿ, ಕುದುರೆ ಮಸಾಲೆ ಹುಲ್ಲು ಇಲ್ಲಿನ ಸೆಕೆಗೆ ಚೆನ್ನಾಗಿ ಬರುವುದಿಲ್ಲವಾದ್ದರಿಂದ ಬೇರೆ ರಾಜ್ಯಗಳಿಂದ ಲಾರಿಯಲ್ಲಿ ತರಿಸುತ್ತಾರೆ. ತೇವ ತಾಗಿದ ಪೆಂಡಿಗೆ ಬೂಸು ಹಿಡಿದು ಕೆಮ್ಮು ಬರುತ್ತದೆ. ಅಗ್ಗವೆಂದು ಸ್ಥಳೀಯ ಬರ್ಮುಡಾ ಹುಲ್ಲನ್ನು ಒಮ್ಮೆಲೇ ಹಾಕಿದರೆ ಸಣ್ಣ ಕರುಳಿನ ತುದಿ ಕಟ್ಟಿಕೊಂಡು ಹೊಟ್ಟೆಶೂಲೆ. ಆಗ ನಡುರಾತ್ರಿ ಪಶುವೈದ್ಯರಿಗೆ ಫೋನು.

ಲಾಳ 4–6 ವಾರಕ್ಕೊಮ್ಮೆ ಬದಲಾಗಬೇಕು. ಅಂದರೆ ಒಂದು ಸೀಸನ್ನಿಗೆ ಎರಡು ಮೂರು ಸಲ. ಹುಲ್ಲಿನ ಮೈದಾನದಲ್ಲಿ ಜಾರದಿರಲು ಲಾಳಕ್ಕೆ ಸ್ಕ್ರೂ ಮರೆ ಹಾಕಿದ ತೂತು ಕೊರೆದು ಸ್ಟಡ್ ಎಂಬ ಲೋಹದ ಮೊಳೆ ತಿರುಗಿಸುತ್ತಾರೆ. ಸ್ಟಡ್ ಬಿಚ್ಚಿದ ಮೇಲೆ ಆ ತೂತಿಗೆ ಎಣ್ಣೆ ಹಚ್ಚಿದ ಹತ್ತಿ ತುರುಕದಿದ್ದರೆ ಮರಳು ತುಂಬಿ ಮರೆ ಸವೆಯುತ್ತದೆ. ಸ್ಪರ್ಧೆಗೆ ಹತ್ತು ನಿಮಿಷ ಇರುವಾಗ ಸ್ಟಡ್ ಕೂರುವುದಿಲ್ಲ, ಬೈಗುಳ ಪೂರ್ತಿ ಕುದುರೆ ನೋಡಿಕೊಳ್ಳುವ ಗ್ರೂಮ್‌ಗೆ. ನಾಲ್ಕೈದು ಕುದುರೆಗೆ ಒಬ್ಬ ಗ್ರೂಮ್. ಊರಿನ ಬಾಡಿಗೆ ಸೀಸನ್ನಿನಲ್ಲಿ ಏರಿದಾಗ ಮೊದಲು ಪೆಟ್ಟು ತಿನ್ನುವವರೂ ಅವರೇ. ಕುದುರೆಯಿಂದ ಊರಿಗಾದ ಲಾಭದ ಲೆಕ್ಕ ಹೇಳುವವರು ಅದನ್ನು ಅಷ್ಟಾಗಿ ಎತ್ತುವುದಿಲ್ಲ.

ದೊಡ್ಡ ದುಡ್ಡು ಓಡಾಡುವುದು ಕುದುರೆ ಮಾರಾಟದಲ್ಲಿ. ಬಹುಮಾನದ ಮೊತ್ತ ಪೇಪರಿನಲ್ಲಿ ಬರುತ್ತದೆ, ಮಾರಾಟದ ಬೆಲೆ ಬರುವುದಿಲ್ಲ. ಕೊಳ್ಳುವವರು ಮೊದಲು ಸವಾರಿ ಮಾಡಿ ನೋಡುತ್ತಾರೆ. ಆಮೇಲೆ ತಮ್ಮದೇ ವೈದ್ಯರಿಂದ ಕಾಲು ಮಡಚಿ ಹಿಡಿಸಿ, ಬಿಟ್ಟ ಕೂಡಲೇ ಓಡಿಸಿ ಕುಂಟು ನೋಡಿಸುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ. ದಲ್ಲಾಳಿ ಎರಡೂ ಕಡೆಯಿಂದ ಕಮಿಷನ್ ಹೊಡೆಯುವ ಚಾಳಿ ಇಲ್ಲೂ ಇದೆ. ಅದಕ್ಕೇ ಫ್ಲಾರಿಡಾದ ನಿಯಮದಲ್ಲಿ ಲಿಖಿತ ಮಾರಾಟ ಪತ್ರ ಕಡ್ಡಾಯ, ಇಬ್ಬರ ಪರವಾಗಿಯೂ ನಿಂತ ದಲ್ಲಾಳಿ ಅದನ್ನು ಮೊದಲೇ ತಿಳಿಸಬೇಕು.

ಕೊನೆಗೆ ಲದ್ದಿ. ಗಂಜಲ, ನೆನೆದ ಹಾಸು ಸೇರಿ ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 30 ಕಿಲೋ. ಹತ್ತು ಕುದುರೆಯ ಲಾಯದಿಂದ 90 ದಿನಕ್ಕೆ 27 ಟನ್. ಮಳೆಗೆ ಅದರ ರಂಜಕ ಕಾಲುವೆ ಸೇರಿ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದ ಕಡೆ ಹರಿಯುತ್ತದೆ. ಅಲ್ಲಿನ ನೀರಿನಲ್ಲಿ ರಂಜಕ ಶತಕೋಟಿಗೆ 10 ಭಾಗ ಮೀರಬಾರದೆಂಬುದು ಗುರಿ; ಮೀರಿದರೆ ಗರಗಸ ಹುಲ್ಲಿನ ಜಾಗಕ್ಕೆ ಜೊಂಡು ನುಗ್ಗುತ್ತದೆ. ಹಾಗಾಗಿ ತಿಪ್ಪೆಗೆ ಕಾಂಕ್ರೀಟ್ ತಳ ಹಾಕಬೇಕು, ಮೇಲೆ ಮುಚ್ಚಬೇಕು, ಸಾಗಿಸಲು ನೋಂದಾಯಿತ ಲಾರಿಯವರೇ ಬರಬೇಕು. ಆ ಬಾಡಿಗೆ ಉಳಿಸಲು ರಾತ್ರಿ ಯಾರದೋ ಖಾಲಿ ಜಮೀನಿಗೆ ಸುರಿದು ಬರುವವರೂ ಇದ್ದಾರೆ. ನಮ್ಮೂರಲ್ಲಾದರೆ ಅದೇ ಗೊಬ್ಬರಕ್ಕೆ ರೈತರು ದುಡ್ಡು ಕೊಟ್ಟು ಒಯ್ಯುತ್ತಿದ್ದರು.