ಮಳೆಗಾಲಕ್ಕೆ ಮುಂಚೆ ಒಂದು ಫಿಲ್ಟರ್
ಶಿರಸಿಯ ಮನೆಯಲ್ಲಿರುವ 300 ಲೀಟರಿನ ಗಿಡಗಳ ಅಕ್ವೇರಿಯಂಗೆ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ತೊಟ್ಟಿಯ ಹೊರಗಿಟ್ಟು ಮೋಟರಿನಿಂದ ನೀರು ಸೋಸುವ ಮುಚ್ಚಿದ ಡಬ್ಬಿ, ಆರಿಸುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ಗಂಟೆಗೆ 1200 ಲೀಟರ್ ಎಂದಿದ್ದರೂ, ಒಳಗೆ ಸ್ಪಂಜು, ಸೆರಾಮಿಕ್ ಉಂಗುರ ತುಂಬಿದ ಮೇಲೆ ಹರಿವು ತಗ್ಗುತ್ತದೆ. ಹಾಗಾಗಿ ಒಂದು ಅಳತೆ ದೊಡ್ಡದೇ ಲೇಸು.

ನನ್ನ ನಿಜವಾದ ಚಿಂತೆ ಮಳೆಗಾಲದ್ದು. ಮರ ಬಿದ್ದು ತಂತಿ ಹರಿದರೆ ಇಲ್ಲಿ ತಾಸುಗಟ್ಟಲೆ ಕರೆಂಟ್ ಇರುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ನಿಂತ ನೀರಿನ ಆಮ್ಲಜನಕ ಮುಗಿದು, ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ, ಆ ಸ್ಪಂಜು, ಉಂಗುರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ, ಸಾಯಲೂಬಹುದು. ಆ ಕೊಳೆನೀರನ್ನು ಚೆಲ್ಲದೆ ಮೋಟರು ಚಾಲೂ ಮಾಡಿದರೆ ಮೀನುಗಳಿಗೇ ಅಪಾಯ. ಮೀನು, ಗಿಡಗಳನ್ನು ಕಣ್ತುಂಬ ನೋಡುತ್ತೇವೆ. ಅವುಗಳನ್ನು ಬದುಕಿಸುವ ಈ ಸೂಕ್ಷ್ಮಜೀವಿಗಳಿಗೂ ಉಸಿರು ಬೇಕೆಂಬುದು ನೆನಪಾಗುವುದೇ ಅಪರೂಪ.

ಇನ್ವರ್ಟರಿನಲ್ಲಿ ರಾತ್ರಿಯಿಡೀ ಓಡಬಲ್ಲ, ಕಡಿಮೆ ವ್ಯಾಟಿನ ಮೋಟರಿರುವುದನ್ನೇ ತರುತ್ತೇನೆ. ಬೆಲೆ ತುಸು ಹೆಚ್ಚಾದರೂ ಸರಿ.