ಯಾರು ಯಾರ ಬಳಿಗೆ ಹೋಗುತ್ತಾರೆ

ಮೊದಲ ಸಲ ಒಂದು ತಂಡದ ಹೊಣೆ ಹೊತ್ತಾಗ, ಸದಸ್ಯರ ಸಾಮರ್ಥ್ಯವನ್ನು ನಾನು ಅವರ ಪದವಿ, ಅನುಭವದ ವರ್ಷಗಳು ಮತ್ತು ಸಭೆಯಲ್ಲಿ ಮಾತನಾಡುವ ರೀತಿಯಿಂದ ಅಳೆಯುತ್ತಿದ್ದೆ. ಸಭೆಗಳಲ್ಲಿ ಹೆಚ್ಚು ಮಾತನಾಡದ ಸಹೋದ್ಯೋಗಿಯೊಬ್ಬರ ಮೇಜಿನ ಬಳಿಗೆ, ವರದಿ ಸಲ್ಲಿಸುವ ಹಿಂದಿನ ದಿನ, ಉಳಿದವರೆಲ್ಲ ಒಬ್ಬೊಬ್ಬರಾಗಿ ಹೋಗಿ ತಮ್ಮ ಕರಡನ್ನು ತೋರಿಸಿಕೊಂಡು ಬರುತ್ತಿದ್ದುದನ್ನು ಗಮನಿಸಿದ ಮೇಲೆಯೇ ಆ ಅಳತೆಗೋಲನ್ನು ಕೈಬಿಟ್ಟೆ. ತಪ್ಪು ಹಿಡಿಯುವುದರಲ್ಲಿ ಅವರದೇ ಚುರುಕಾದ ಕಣ್ಣೆಂಬುದು ತಂಡಕ್ಕೆ ಮೊದಲೇ ತಿಳಿದಿತ್ತು.

ಗುರುತಿಸಿದ ಶಕ್ತಿಗಳನ್ನು ಒಂದೆಡೆ ಸೇರಿಸಿದರೆ ಸಾಲದು. 1970ರ ದಶಕದಲ್ಲಿ ಇಂಗ್ಲೆಂಡಿನ ಹೆನ್ಲಿಯ ಆಡಳಿತ ತರಬೇತಿ ಕಾಲೇಜಿನಲ್ಲಿ, ತಂಡಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಮೆರೆಡಿತ್ ಬೆಲ್ಬಿನ್ ಅತಿ ಬುದ್ಧಿವಂತರನ್ನೇ ಆರಿಸಿ ಕಟ್ಟಿದ ತಂಡಗಳು ವ್ಯವಹಾರ ನಿರ್ವಹಣೆಯ ಅಣಕು ಸ್ಪರ್ಧೆಗಳಲ್ಲಿ ಹಲವು ಬಾರಿ ಹಿಂದೆ ಬಿದ್ದವು. ಪರಸ್ಪರರ ವಾದದಲ್ಲಿ ದೋಷ ಹುಡುಕುವುದರಲ್ಲೇ ಹೊತ್ತು ಕಳೆದು, ಆಗಲೇಬೇಕಾದ ಕೆಲಸಗಳು ಉಳಿದುಹೋಗುತ್ತಿದ್ದವು.

ಇದಕ್ಕಿಂತ ಆಳವಾಗಿ ನನ್ನನ್ನು ತಟ್ಟಿದ್ದು 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಟ್ಯಾಸರ್ ಮತ್ತು ಟೈಟಸ್ ಪ್ರಕಟಿಸಿದ ಪ್ರಯೋಗ. ಅತ್ಯುತ್ತಮ ಅಭ್ಯರ್ಥಿಯ ಗುಣಗಳ ವಿವರವನ್ನು ಗುಂಪಿನ ಸದಸ್ಯರಲ್ಲಿ ಚೂರುಚೂರಾಗಿ ಹಂಚಿದ್ದರು. ಎಲ್ಲರೂ ತಮ್ಮ ಪಾಲನ್ನು ಮುಂದಿಟ್ಟಿದ್ದರೆ ಸರಿಯಾದ ಆಯ್ಕೆ ತಾನಾಗಿ ಕಾಣುತ್ತಿತ್ತು. ಆದರೆ ಗುಂಪುಗಳು ಎಲ್ಲರಿಗೂ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಚರ್ಚಿಸಿ, ಒಬ್ಬರಿಗೆ ಮಾತ್ರ ಗೊತ್ತಿದ್ದುದನ್ನು ಬಹುಮಟ್ಟಿಗೆ ಹೊರತರದೆ, ಹೆಚ್ಚಾಗಿ ಕಡಿಮೆ ಅರ್ಹರನ್ನೇ ಆರಿಸಿದವು. ಯಾರಿಗೆ ಯಾವ ವಿಷಯದಲ್ಲಿ ಹೆಚ್ಚಿನ ಅರಿವಿದೆಯೆಂದು ಮೊದಲೇ ಎಲ್ಲರೆದುರು ಹೇಳಿದರೆ ಅಂಥ ಮಾಹಿತಿ ಹೆಚ್ಚಾಗಿ ಚರ್ಚೆಗೆ ಬರುತ್ತದೆಂಬುದನ್ನು ಸ್ಟ್ಯಾಸರ್ ಅವರ ನಂತರದ ಪ್ರಯೋಗ ತೋರಿಸಿತು. ಹಾಗಾಗಿ ಸಭೆಯ ಆರಂಭದಲ್ಲೇ, ದೂರುಗಳನ್ನೆಲ್ಲ ಓದಿದವರು ಇವರು, ಲೆಕ್ಕವನ್ನು ಕೂಲಂಕಷವಾಗಿ ನೋಡಿದವರು ಅವರು ಎಂದು ನಾನು ಹೆಸರು ಹಿಡಿದು ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಕೊನೆಗೆ ಇಡುತ್ತೇನೆ, ಏಕೆಂದರೆ ಹೊಣೆ ಹೊತ್ತವರು ಮೊದಲು ಮಾತನಾಡಿದರೆ ಭಿನ್ನವಾದುದನ್ನು ಕಂಡವರು ಅದನ್ನು ನುಂಗಿಕೊಳ್ಳುತ್ತಾರೆ.

ಹೀಗೆ ಹೆಸರು ಹಿಡಿದು ಹೇಳುವುದರಲ್ಲಿ ಒಂದು ಅಪಾಯವೂ ಇದೆ. ಕರಡು ತಿದ್ದುವುದರಲ್ಲಿ ನಿಪುಣರೆಂದು ನಾನೇ ಎಲ್ಲರೆದುರು ಹೊಗಳಿದ ಆ ಸಹೋದ್ಯೋಗಿಗೆ ಎರಡು ವರ್ಷ ಬರೀ ತಿದ್ದುವ ಕೆಲಸವೇ ಬಂತು. ಇನ್ನೊಬ್ಬರ ಬರಹವನ್ನು ಸರಿಪಡಿಸಿ ಸಾಕಾಗಿದೆ, ಒಮ್ಮೆ ಮೊದಲ ಕರಡನ್ನು ತಾವೇ ಬರೆಯಬೇಕೆಂದು ಅವರಾಗಿ ಕೇಳಿಕೊಂಡರು. ಅದನ್ನು ನಾನೇ ಕೇಳಬೇಕಿತ್ತೆಂಬ ಕೊರಗು ಇಂದಿಗೂ ಇದೆ. ಮುಂದಿನ ವರದಿಯನ್ನು ಅವರೇ ಬರೆದರು. ಅದನ್ನು ತಿದ್ದಲು, ಇಷ್ಟು ದಿನ ಅವರ ಮೇಜಿಗೆ ಹೋಗಿಬರುತ್ತಿದ್ದ ಕಿರಿಯರೊಬ್ಬರನ್ನು ಅವರೇ ಆರಿಸಿಕೊಂಡರು.