ಹೊನಲು ಬೆಳಕಿನ ಕಬಡ್ಡಿಗೆ ತಯಾರಿ: ಜಿಗಿತದ ಲೆಕ್ಕ, ಸಂಕ್ರಾಂತಿಯಿಂದ ಯುಗಾದಿವರೆಗೆ

ಸಂಕ್ರಾಂತಿ ಕಳೆದ ಮೇಲೆ

ಮಂಡ್ಯ ಕಡೆಯ ನಮ್ಮೂರ ಕಬಡ್ಡಿ ತಂಡದಲ್ಲಿ ಜಿಮ್ ಕೆಲಸ ನೋಡಿಕೊಳ್ಳೋದು ನನ್ನ ಪಾಲಿಗೆ ಬಂದಿದೆ. ರೈಡು, ಕ್ಯಾಚು, ಚೈನು ಎಲ್ಲ ಕೋಚ್ ಜವಾಬ್ದಾರಿ. ನನಗೆ ಬೇಕಿರೋದು ಒಂದೇ ಉತ್ತರ: ನಿನ್ನೆ ಭಾರ ಎತ್ತಿದ ಹುಡುಗ ಇವತ್ತು ಸಂಜೆ ಜೋರಾಗಿ ಆಡೋಕೆ ತಯಾರಿದ್ದಾನಾ, ಇಲ್ಲವಾ? "ಹೆಂಗಿದ್ದೀಯಪ್ಪಾ" ಅಂದರೆ ಎಲ್ಲರದೂ "ಚೆನ್ನಾಗಿದೀನಣ್ಣ" ಅನ್ನೋ ಒಂದೇ ಮಾತು. ಕೋಚ್ ಪಕ್ಕದಲ್ಲೇ ನಿಂತಿರ್ತಾರಲ್ಲ!

ಅದಕ್ಕೇ ಜಿಗಿತ: ಮೈ ದಣಿದಿದ್ದರೆ ಅದರ ಎತ್ತರ ಇಳಿಯುತ್ತೆ. ಎರಡೂ ಕೈ ಸೊಂಟದ ಮೇಲೆ, ಸ್ವಲ್ಪ ಕುಕ್ಕರಿಸಿ ಒಮ್ಮೆಲೇ ಮೇಲಕ್ಕೆ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಕಾಲ್ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿದರೆ ಗಾಳಿಯಲ್ಲಿದ್ದ ಸಮಯ ಸಿಗುತ್ತೆ. ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ ಸುಮಾರು 30.7 ಸೆಂ.ಮೀ. ಪಿಯುಸಿ ಭೌತಶಾಸ್ತ್ರ, ಅಷ್ಟೇ.

ಆದರೆ ಫೋನ್ ಯಾವುದು ಅನ್ನೋದು ಮುಖ್ಯ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನಿನಲ್ಲಿ ಒಂದು ಫ್ರೇಮ್ ಆಚೀಚೆ ಆದರೆ ಅರ್ಧ ಸೆಂ.ಮೀ. ವ್ಯತ್ಯಾಸ. ಮಾಮೂಲಿ 30 ಫ್ರೇಮಿನ ವಿಡಿಯೋದಲ್ಲಿ ಅದೇ ಒಂದು ಫ್ರೇಮಿಗೆ 4 ಸೆಂ.ಮೀ. ಮೇಲೆ ಹೋಗುತ್ತೆ. ದಣಿದಾಗ ಜಿಗಿತ ಇಳಿಯೋದೇ ಎರಡು ಮೂರು ಸೆಂ.ಮೀ. ಅಂದಮೇಲೆ ಅಂಥ ವಿಡಿಯೋದಿಂದ ಏನೂ ಗೊತ್ತಾಗಲ್ಲ. ಇನ್ನೊಂದು ಕಳ್ಳಾಟ: ಇಳಿಯುವಾಗ ಮಂಡಿ ಮಡಚೋದು. ಪಾದ ತಡವಾಗಿ ನೆಲ ಮುಟ್ಟುತ್ತೆ, ಎತ್ತರ ಸುಮ್ಮನೆ ಹೆಚ್ಚುತ್ತೆ. ನಮ್ಮ ಎಡ ಕಾರ್ನರ್ ಹುಡುಗ ಇದನ್ನು ಎರಡೇ ದಿನದಲ್ಲಿ ಕಂಡುಹಿಡಿದ. ಈಗ ಎಲ್ಲರೂ ಕಾಲು ನೆಟ್ಟಗಿಟ್ಟೇ ಇಳಿಯಬೇಕು, ಇಲ್ಲದಿದ್ದರೆ ಆ ಜಿಗಿತ ಲೆಕ್ಕಕ್ಕಿಲ್ಲ.

ಜಿಗಿತದ ಪಕ್ಕದ ಕಾಲಂನಲ್ಲಿ ಶ್ರಮದ ಅಂಕಿ. ಅಭ್ಯಾಸ ಮುಗಿದ ಅರ್ಧ ಗಂಟೆಗೆ ಎಷ್ಟು ಕಷ್ಟ ಆಯ್ತು ಅಂತ 0ಯಿಂದ 10ರವರೆಗೆ ಹೇಳಬೇಕು, ಅದನ್ನು ನಿಮಿಷಗಳಿಂದ ಗುಣಿಸೋದು. 60 ನಿಮಿಷಕ್ಕೆ 7 ಅಂದರೆ 420. ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಈ ವಿಧಾನಕ್ಕೆ ಖರ್ಚು ಒಂದು ನೋಟ್‌ಬುಕ್ಕಿನದು ಮಾತ್ರ.

ಶಿವರಾತ್ರಿ ಹೊತ್ತಿಗೆ

ನಾರ್ಡಿಕ್ ಅನ್ನೋ ವ್ಯಾಯಾಮ ಶುರು ಮಾಡಿದ್ದೇವೆ. ಮಂಡಿಯೂರಿದವನ ಕಣಕಾಲನ್ನು ಇನ್ನೊಬ್ಬ ಅದುಮಿ ಹಿಡಿಯಬೇಕು; ಇವನು ಸೊಂಟ ಮುರಿಯದೆ, ಮೈ ನೆಟ್ಟಗಿಟ್ಟುಕೊಂಡು ನಿಧಾನಕ್ಕೆ ಮುಂದೆ ಬಾಗಬೇಕು. ತಡೆಯೋಕೆ ಆಗದೇ ಹೋದಾಗ ಕೈಯೂರೋದು. ನೂರು ಬಸ್ಕಿ ಹೊಡೆಯುವ ಗರಡಿ ಹುಡುಗ ಕೂಡ ಅರ್ಧಕ್ಕೂ ಬಾರದೆ ಧೊಪ್ಪನೆ ಮ್ಯಾಟ್ ಮೇಲೆ ಬಿದ್ದ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಎಷ್ಟು ಸೊರಗಿದೆ ಅಂತ ಅಲ್ಲೇ ಗೊತ್ತಾಯ್ತು. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 942 ಫುಟ್ಬಾಲ್ ಆಟಗಾರರಿದ್ದರು. ನಾರ್ಡಿಕ್ ಮಾಡಿದ ಗುಂಪಿನಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ 15, ಮಾಡದ ಗುಂಪಿನಲ್ಲಿ 52. ಕ್ರೀಡಾ ವಿಜ್ಞಾನದಲ್ಲಿ ಇಷ್ಟು ಚೊಕ್ಕವಾದ ಫಲಿತಾಂಶ ಅಪರೂಪ.

ಮೊದಲ ವಾರ ಮೆಟ್ಟಿಲು ಇಳಿಯುವಾಗ ಎಲ್ಲರೂ "ಅಯ್ಯಮ್ಮಾ". ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತ ಒಬ್ಬ ವಾದ ಹೂಡಿದ. ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದುಬಿಡುತ್ತೆ. ಈ ನೋವು ಜೋರಾಗೋದೇ ಒಂದರಿಂದ ಮೂರು ದಿನದೊಳಗೆ, ಸ್ನಾಯು ಹಿಗ್ಗುತ್ತಾ ಭಾರ ತಡೆದಿದ್ದಕ್ಕೆ. ಅದೇ ವ್ಯಾಯಾಮ ಮುಂದಿನ ವಾರ ಮಾಡಿದರೆ ನೋವು ಕಡಿಮೆ. ಹಾಗೇ ಆಯ್ತು ಕೂಡ.

ನಮ್ಮ ನೋಟ್‌ಬುಕ್ಕಿನಲ್ಲಿ ಕಂಡಿದ್ದು ಇದು: ನಾರ್ಡಿಕ್ ಮಾಡಿ ಕುಂಟುತ್ತಿದ್ದ ಹುಡುಗರ ಜಿಗಿತ ಇಳಿದೇ ಇಲ್ಲ. ಭಾರದ ಸ್ಕ್ವಾಟ್ (ಭಾರ ಹೊತ್ತು ಹೊಡೆಯುವ ಬಸ್ಕಿ) ಮಾಡಿದ ಮರುದಿನವೇ ಜೋರು ಅಭ್ಯಾಸವೂ ಆದ ವಾರದಲ್ಲಿ ಯಾರೂ ನೋವು ಅನ್ನಲಿಲ್ಲ, ಜಿಗಿತ ಮಾತ್ರ ಬಿದ್ದಿತ್ತು. ನೋವಿನ ಲೆಕ್ಕ ಬೇರೆ, ತಾಕತ್ತಿನ ಲೆಕ್ಕ ಬೇರೆ. ಹಾಗಂತ ಜಿಗಿತವನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ಜಿಗಿತದಲ್ಲಿ ತೊಡೆಯ ಮುಂಭಾಗ, ಪೃಷ್ಠ, ಮೀನಖಂಡದ ಪಾಲೇ ಹೆಚ್ಚು. ಹ್ಯಾಮ್‌ಸ್ಟ್ರಿಂಗ್ ಸ್ಥಿತಿ ಅದಕ್ಕೆ ಅಷ್ಟಾಗಿ ಕಾಣಲ್ಲ. ಹಾಗಾಗಿ ಪೂರ್ತಿ ವೇಗದಲ್ಲಿ ಓಡಿಸುವ ಮುಂಚೆ ಹ್ಯಾಮ್‌ಸ್ಟ್ರಿಂಗನ್ನು ಬೇರೆಯಾಗಿ ನೋಡಲೇಬೇಕು.

ಕೋಚ್ ಜೊತೆ ಕೂತು ವಾರ ಬದಲಾಯಿಸಿದೆವು. ಜೋರು ಅಭ್ಯಾಸದ ದಿನ ಬೆಳಿಗ್ಗೆಯೇ ಭಾರ, ಮರುದಿನ ಕೌಶಲ ಮಾತ್ರ. ಕಷ್ಟವನ್ನೆಲ್ಲ ಒಂದೇ ದಿನಕ್ಕೆ ಪೇರಿಸಿ, ಮಾರನೇ ದಿನ ನಿಜಕ್ಕೂ ಹಗುರ ಇರಲಿ ಅಂತ.

ಬಿಸಿಲು ಏರಿದ ಮೇಲೆ

ಟಿವಿಯಲ್ಲಿ ನೋಡಿ ಹುಡುಗರು ನೀಲಿ ಡ್ರಮ್ಮಿಗೆ ಐಸ್ ಗೆಡ್ಡೆ ತುಂಬಿಸಿ ಕೂರೋಕೆ ಶುರು ಮಾಡಿದರು. ಬರೀ ಅಭ್ಯಾಸ ಇದ್ದ ದಿನ ನನ್ನ ತಕರಾರಿಲ್ಲ. ಭಾರ ಎತ್ತಿದ ದಿನ ಬೇಡ ಅಂದೆ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ತಂಡ ಇದನ್ನು ಪ್ರಕಟಿಸಿತ್ತು: 12 ವಾರ, ಪ್ರತಿ ಸಲ ಭಾರ ಎತ್ತಿದ ಮೇಲೆ ಒಂದು ಗುಂಪು ಸುಮಾರು 10 ಡಿಗ್ರಿ ನೀರಿನಲ್ಲಿ 10 ನಿಮಿಷ, ಇನ್ನೊಂದು ಹಗುರವಾಗಿ ಸೈಕಲ್ ತುಳಿದದ್ದು. ತಣ್ಣೀರಿನವರಿಗೆ ಸ್ನಾಯುವೂ ಶಕ್ತಿಯೂ ಕಡಿಮೆಯೇ ಬೆಳೆಯಿತು. ಬೆಳೆಯೋಕೆ ಬೇಕಾದ ಸಂಕೇತವನ್ನೇ ತಣ್ಣೀರು ತಗ್ಗಿಸುತ್ತೆ. ಒಂದೇ ರಾತ್ರಿ ಮೂರು ಪಂದ್ಯ ಇದ್ದಾಗ ಬೆಳವಣಿಗೆ ಯಾರಿಗೆ ಬೇಕು, ಆಗ ಡ್ರಮ್ ಇರಲಿ.

ಪ್ರೋಟೀನ್ ಪುಡಿ ಡಬ್ಬಿ ಬೇಕಾ ಅಂತ ದಿನಾ ಕೇಳ್ತಾರೆ. ದಿನಕ್ಕೆ ತೂಕದ ಕೆಜಿಗೆ 1.6 ಗ್ರಾಂ ಗುರಿ, 70 ಕೆಜಿಯವನಿಗೆ 112. ಮುದ್ದೆಯಿಂದ ಅಷ್ಟು ಬರಲ್ಲ. ಮೊಟ್ಟೆಗೆ 6, ನೂರು ಗ್ರಾಂ ಹುರುಳಿಗೆ 20ರ ಮೇಲೆ. ಮೊದಲು ತಟ್ಟೆ ಸರಿಯಾಗಲಿ, ಡಬ್ಬಿ ಆಮೇಲೆ.

ಯುಗಾದಿ ಆದಮೇಲೆ

ಈಗ ಉಳಿದಿರೋದು ನಿದ್ದೆ. ನಮ್ಮ ಪಂದ್ಯಾವಳಿಗಳೆಲ್ಲ ರಾತ್ರಿ. ಫೈನಲ್ ಹೊತ್ತಿಗೆ ಕೋಳಿ ಕೂಗಿರುತ್ತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ 11 ಹುಡುಗರನ್ನು ಕೆಲವು ವಾರ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿರಿಸಿದಾಗ ಅವರ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿದಿತ್ತು. ಹೋಲಿಸೋಕೆ ಇನ್ನೊಂದು ಗುಂಪಿರಲಿಲ್ಲ, ಹಾಗಾಗಿ ಆ ಅಂಕಿಗೆ ನಾನು ಪೂರ್ತಿ ಜೋತುಬೀಳಲ್ಲ. ಆದರೂ ಪಂದ್ಯಕ್ಕೆ ಮುಂಚಿನ ವಾರ ಬೇಗ ಮಲಗೋದು, ಆ ದಿನ ಮಧ್ಯಾಹ್ನ ಕೋಣೆ ಕತ್ತಲು ಮಾಡಿ ಮಲಗಿಸೋದು ಅಂತ ತೀರ್ಮಾನಿಸಿದ್ದೇವೆ. ಹಾಲು ಕರೆಯೋ ಕೆಲಸ ಇರುವ ಇಬ್ಬರಿಗೆ ಮನೆಯವರ ಹತ್ತಿರ ನಾನೇ ಮಾತಾಡಬೇಕು.

ಮುಂದಿನ ಪಂದ್ಯಾವಳಿಯಲ್ಲಿ ಮೊದಲ ಪಂದ್ಯಕ್ಕೆ ಮುಂಚೆ ಒಮ್ಮೆ, ಸೆಮಿಫೈನಲ್‌ಗೆ ಮುಂಚೆ ಒಮ್ಮೆ ಜಿಗಿಸೋಕೆ ಕೋಚ್ ಒಪ್ಪಿದ್ದಾರೆ. ತೊಡಕೊಂದಿದೆ: ಫ್ಲಡ್‌ಲೈಟ್ ಕೆಳಗೆ 240 ಫ್ರೇಮಿನ ವಿಡಿಯೋ ಮಿಣುಕುತ್ತೆ, ಕಾಲ್ಬೆರಳು ನೆಲ ಬಿಟ್ಟ ಗಳಿಗೆ ಸ್ಪಷ್ಟವಾಗಿ ಕಾಣಲ್ಲ. ಹಿಂದೆ ಬಿಳಿ ಪಂಚೆ ಕಟ್ಟಿ, ಬ್ಯಾಟರಿ ಲೈಟ್ ಹಿಡಿದು ಈ ವಾರ ನಮ್ಮ ಮೈದಾನದಲ್ಲೇ ನೋಡ್ತೀವಿ.